ದೂರು ಪುಸ್ತಕ

ಬಿಳಿಚೋಡು ದಾಟಿದರೆ ಹಟ್ಟಿಯ ಕೊನೆಯ ಕಂಬ.
ಅದರ ನಂಬರು ನನಗೆ
ಮದುವೆಯ ತಾರೀಕಿಗಿಂತ ಚೆನ್ನಾಗಿ ನೆನಪು.
ಮೂವತ್ತೊಂದು ಮಳೆಗಾಲ ಹತ್ತಿ ಇಳಿದಿದ್ದೇನೆ,
ಸೊಂಟಕ್ಕೆ ಹಗ್ಗ, ಬಾಯಲ್ಲಿ ಟೆಸ್ಟರು.

ಆಗೆಲ್ಲ ಟ್ಯೂಬಿನ ಮುಚ್ಚಳ ಬಿಚ್ಚಿದರೆ
ಹುಳು ಸುರಿಯುತ್ತಿತ್ತು
ಮಂಡಕ್ಕಿ ಚೀಲ ಬಾಯಿ ಬಿಟ್ಟ ಹಾಗೆ,
ಅಷ್ಟೇ ಹಗುರ, ಅಷ್ಟೇ ಸದ್ದು.
ಕಣ್ಣಿಗೆ, ಕಾಲರಿನೊಳಕ್ಕೆ, ಬೀಡಿ ಇಟ್ಟ ಜೇಬಿಗೆ.
ಬೈದುಕೊಂಡೇ ಕೊಡವುತ್ತಿದ್ದೆ:
ರೆಕ್ಕೆ ಕಳಚಿದ ಈಸಲು, ಬೂದಿ ಬಣ್ಣದ ಪತಂಗ,
ಗುಂಡಗಿನ ಕಪ್ಪು ದುಂಬಿ,
ಇನ್ನೂ ಕಾಲಾಡಿಸುತ್ತಿದ್ದದ್ದು.

ಕೆಳಗೆ ದುರುಗವ್ವನ ಕೋಳಿಗಳು.
ನನ್ನ ಸೈಕಲ್ಲಿನ ಸದ್ದಿಗೇ ಓಡಿ ಬಂದು
ಕಂಬದ ಬುಡಕ್ಕೆ ಪಂಕ್ತಿ ಕೂರುತ್ತಿದ್ದವು.
"ಬಂದ್ನೇಳ್ರೇ ನಿಮ್ ಮಾವ, ಬುತ್ತಿ ತಂದಾನೆ!"
ಹುಂಜಕ್ಕೆ ಎಷ್ಟು ಸೊಕ್ಕೆಂದರೆ
ಈಸಲು ಬಿಟ್ಟು ದುಂಬಿ ಮಾತ್ರ ಆರಿಸುತ್ತಿತ್ತು.

ರಾತ್ರಿ ಜಗಳೂರು ರಸ್ತೆಯಲ್ಲಿ, ಡೈನಮೋ ಬೆಳಕಿಗೆ
ಎರಡು ಕೆಂಡ ಹೊಳೆದು
ಚಕ್ರ ತಾಗುವ ಮೊದಲು
ಸದ್ದಿಲ್ಲದೆ ಎದ್ದು ಹೋಗುವ ಹಕ್ಕಿಯೊಂದಿತ್ತು.
ಅದರ ಹೆಸರು ಕೇಳಿ ಇಟ್ಟುಕೊಳ್ಳಬೇಕಿತ್ತು.
ಕೇಳಲಿಲ್ಲ.
ದಿನಾ ಸಿಗುವುದರ ಹೆಸರು ಯಾರು ಕೇಳುತ್ತಾರೆ?

ಈ ಸಲ ಆರಿದ್ರಾ ಹೊಯ್ದ ಮಾರನೇ ದಿನ
ಫಯಾಜ್ ಹತ್ತಿದ. ಹೊಸ ಹುಡುಗ, ಮಂಗನ ಕಾಲು.
ಮೇಲಿನಿಂದ ಕೂಗಿದ:
"ಒರೆಸೋದೇನೂ ಇಲ್ಲಣ್ಣ, ಕ್ಲೀನ್ ಐತೆ.
ಎಲ್‌ಇಡಿ ಅಲ್ವಾ, ಹುಳ ಮುಟ್ಟಂಗಿಲ್ಲ."
ನಾನೂ ನಂಬಿದೆ. ನಂಬಿದರೆ ನಿದ್ದೆ ಬರುತ್ತದೆ.

ಬರಲಿಲ್ಲ.
ಅಟ್ಟದಿಂದ ಹಳೇ ಟ್ಯೂಬು ಇಳಿಸಿದೆ, ಚೋಕು ಹಾಕಿದೆ,
ಮೆಕ್ಕೆಜೋಳದ ಹೊಲದ ಬದುವಿಗೆ
ಬಿಳಿ ಪಂಚೆ ಕಟ್ಟಿ, ಬೆಳಕು ಬಿಟ್ಟು ಕೂತೆ.
ಬದುವಿನ ಹುಲ್ಲು ಮಳೆಗಾಲದಲ್ಲೂ ಕೆಂಪಗೆ ಸತ್ತಿತ್ತು,
ಔಷಧಿಗೆ.
ಔಷಧಿ ಅನ್ನುತ್ತೇವೆ ನಾವು ಅದಕ್ಕೆ.
ಹೆಂಡತಿ ಎರಡು ಸಲ ಬಂದು ನೋಡಿ
ಏನೂ ಅನ್ನದೆ ಹೋದಳು.
ಹತ್ತೂವರೆಗೆ ಎಣಿಸಿದೆ: ಏಳು.
ಸೊಳ್ಳೆ ಬಿಟ್ಟರೆ ಮೂರು.
ಪಂಚೆ ಒಗೆಯುವ ಹಾಗೂ ಇರಲಿಲ್ಲ.

ಈ ಹಟ್ಟಿಗೆ ಮೊದಲ ತಂತಿ ಎಳೆದವನು ನಾನೇ.
ಕಂಬಕ್ಕೆ ಕುಂಕುಮ ಹಚ್ಚಿದರು, ಕಾಯಿ ಒಡೆದರು.
ಮುದುಕರು ದೀಪಕ್ಕೆ ಕೈ ಮುಗಿದರು.
ಹುಳುಗಳೂ ಹಾಗೇ ಬಂದವು,
ಕೈ ಮುಗಿಯಲು ಬಂದವರ ಹಾಗೆ.
ಕಂಬಕ್ಕೊಂದು ಸೇರು, ನೂರಾ ನಲವತ್ತು ಕಂಬ,
ಮೂವತ್ತೊಂದು ಮಳೆಗಾಲ...
ಗುಣಿಸಲು ಕೂತೆ. ಪೆನ್ನು ಇಟ್ಟುಬಿಟ್ಟೆ.

ದುರುಗವ್ವ ಈಗ ಕೋಳಿಗೆ ಅಂಗಡಿಯಿಂದ ಮೇವು ತರುತ್ತಾಳೆ.
ಅವಕ್ಕೆ ನಾನು ಯಾರೋ.
ಬೈಕು ನಿಲ್ಲಿಸಿದರೆ ಚದುರಿ ಓಡುತ್ತವೆ.

ನಿನ್ನೆ ಗಾಳಿಗೆ ಲೈನು ಹೋಯಿತು.
ಫ್ಯೂಸು ಕೈಯಲ್ಲೇ ಇತ್ತು. ಹಾಕಲಿಲ್ಲ.
ಜೇಬಿನಲ್ಲಿ ಫೋನು ಒದರುತ್ತಿತ್ತು.
ಕಳ್ಳಿಬೇಲಿಯ ಕಡೆ ಮುಖ ಮಾಡಿ ನಿಂತೆ.
ಈ ವಯಸ್ಸಿಗೆ ಕತ್ತಲೆ ಕಣ್ಣಿಗೆ ಹಿಡಿಯಲು ಹೊತ್ತು ಬೇಕು.
ಆಮೇಲೆ, ಬೇಲಿಯ ಬುಡದಲ್ಲಿ,
ಹಸಿರಾಗಿ ಏನೋ ಮಿಣುಕಿತು. ಒಂದು ಸಲ.
ಮಿಂಚುಹುಳವೋ, ಹುಡುಗರ ಮೊಬೈಲೋ.
ಇನ್ನೊಂದು ಸಲ ಮಿಣುಕಿದರೆ ಗೊತ್ತಾದೀತೆಂದು
ಉಸಿರು ಹಿಡಿದೆ.

"ಕರಿಬಸಪ್ಪಾ, ಸತ್ಯಾ ಏನ್ಲಾ ಅಲ್ಲಿ?
ಕರೆಂಟು ಕೊಡೋ, ಧಾರಾವಾಹಿ ಮುಗೀತೈತೆ!"

ಕೊಟ್ಟೆ.

ದೂರು ಪುಸ್ತಕ ಬೆಳಿಗ್ಗೆ ತುಂಬಿಸಿದೆ.
ತಂತಿ ಜೋತಿದೆ, ಫ್ಯೂಸು ಹೋಗಿದೆ,
ಕಂಬಕ್ಕೆ ಎತ್ತು ಮೈ ಉಜ್ಜಿತು,
ಎಲ್ಲ ಬರೆಸಿದ್ದಾರೆ ಜನ ಇಷ್ಟು ವರ್ಷ.
ದೀಪಕ್ಕೆ ಹುಳ ಬರುತ್ತಿಲ್ಲ ಎಂದು
ಒಬ್ಬರೂ ಬರೆಸಿಲ್ಲ.
ಕಾರಣ: ಗಾಳಿ, ಎಂದು ಬರೆದೆ.
ವಿಳಂಬ: ಒಂಬತ್ತು ನಿಮಿಷ.
ವಿಳಂಬಕ್ಕೆ ಕಾರಣ ಎಂಬ ಕಡೆ
ಪೆನ್ನಿನ ಮೊನೆ ಊರಿ ಕೂತಿದ್ದೆ,
ಚುಕ್ಕೆಯೊಂದು ಮೂಡಿತು, ದಪ್ಪಗಾಯಿತು.
ಅಷ್ಟರಲ್ಲಿ ಫಯಾಜ್ ಚಹಾ ತಂದ.